ಸರ್ಪಸುತ್ತು: ವಾಸಿ ಮಾಡಿದ್ದು ಯಾರು?

ನಮ್ಮ ನೊಣವಿನಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಸರ್ಪಸುತ್ತು ಅಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಮೊದಲು ಪಕ್ಕೆಯಲ್ಲೋ ಸೊಂಟದಲ್ಲೋ ಉರಿ, ಸೂಜಿ ಚುಚ್ಚಿದಂಥ ನೋವು. ಎರಡು ಮೂರು ದಿನ ಕಳೆದರೆ ಅದೇ ಜಾಗದಲ್ಲಿ ಸಾಲಾಗಿ ನೀರುಗುಳ್ಳೆ. ಅಂಗಿ ತಾಗಿದರೂ ಜೀವ ಹೋದ ಹಾಗೆ.

ಸುದ್ದಿ ತಿಳಿದ ಕೂಡಲೇ ಸಲಹೆ ಶುರು. ಕೆಮ್ಮಣ್ಣು ಹಚ್ಚಿಸಿ, ಹಾವಿನ ಚಿತ್ರ ಬರೆಸಿ ಅನ್ನುವವರು ಒಬ್ಬರು. ಹೋಮಿಯೋಪಥಿ ಗುಳಿಗೆ ತಗೊಳ್ಳಿ, ಅಡ್ಡಪರಿಣಾಮ ಇಲ್ಲ ಅನ್ನುವವರು ಇನ್ನೊಬ್ಬರು. ಮೊದಲು ಆಸ್ಪತ್ರೆಗೆ ನಡೀರಿ ಅನ್ನುವವರು ಮತ್ತೊಬ್ಬರು. 'ಇದರಿಂದಲೇ ವಾಸಿಯಾಯ್ತು' ಅಂತ ಸಾಕ್ಷಿ ಹೇಳಲು ಮೂವರಿಗೂ ಒಬ್ಬ ನೆಂಟ ಇದ್ದೇ ಇರುತ್ತಾನೆ.

ಮೂವರೂ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ನಿಜವಾಗಿ ವಾಸಿ ಮಾಡಿದ್ದು ಯಾರು? ಇದಕ್ಕೆ ಉತ್ತರ ಬೇಕಾದರೆ ಈ ಕಾಯಿಲೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಹೆಸರಿನಲ್ಲೇ ಹಾವು

ಡಾಕ್ಟರು ಚೀಟಿಯಲ್ಲಿ ಬರೆಯುವುದು 'ಹರ್ಪಿಸ್ ಜೋಸ್ಟರ್' ಎಂದು. ಎರಡೂ ಗ್ರೀಕ್ ಪದಗಳು. ಹರ್ಪಿಸ್ ಅಂದರೆ ತೆವಳುವುದು, ಜೋಸ್ಟರ್ ಅಂದರೆ ಸೊಂಟಪಟ್ಟಿ. ಗ್ರೀಕಿನ ಆ 'ಹರ್ಪಿಸ್', ನಮ್ಮ 'ಸರ್ಪ' ಎರಡೂ ಒಂದೇ ಹಳೆಯ ಬೇರಿನಿಂದ ಬಂದ ಪದಗಳು ಎನ್ನುತ್ತಾರೆ ಭಾಷಾ ವಿದ್ವಾಂಸರು. ಅಂದರೆ ಗ್ರೀಕರು ಕಂಡದ್ದನ್ನೇ ನಮ್ಮವರೂ ಕಂಡಿದ್ದರು: ತೆವಳುತ್ತಾ ಮೈ ಸುತ್ತುವ ಕಾಯಿಲೆ.

ಹಾವು ಎಂದ ಮೇಲೆ ನಾಗದೋಷವೂ ಬಂತು, 'ತಲೆ ಬಾಲ ಕೂಡಿದರೆ ಆಳು ಉಳಿಯಲ್ಲ' ಅನ್ನುವ ಭಯವೂ ಬಂತು. ಕೆಮ್ಮಣ್ಣಿನ ಚಿಕಿತ್ಸೆ ನಮ್ಮಲ್ಲಿ ಮಾತ್ರ ಇರುವುದಲ್ಲ. ತಮಿಳುನಾಡಿನಲ್ಲಿ ಇದಕ್ಕೆ 'ಅಕ್ಕಿ' ಎನ್ನುತ್ತಾರೆ, ಅಲ್ಲಿ ಕುಂಬಾರರು ಕಾವಿಮಣ್ಣಿನಿಂದ ಮೈಮೇಲೆ ಚಿತ್ರ ಬರೆಯುತ್ತಾರೆ. ಒದ್ದೆ ಮಣ್ಣು ಉರಿಯುವ ಚರ್ಮಕ್ಕೆ ತಂಪು ಕೊಡುತ್ತದೆ, ಅದು ನಿಜ. ಒಡೆದ ಗುಳ್ಳೆಗೆ ಮಣ್ಣು ಮೆತ್ತಿದರೆ ಕೀವಾಗುತ್ತದೆ, ಅದೂ ನಿಜ.

ಹಳ್ಳಿ ಡಾಕ್ಟರ ನೋಟ್‌ಪುಸ್ತಕ

ಕಾಯಿಲೆಯ ಮೂಲ ಗೊತ್ತಾಗಲು ಬಹಳ ಕಾಲ ಹಿಡಿಯಿತು. 19ನೇ ಶತಮಾನದ ಕೊನೆಯ ಹೊತ್ತಿಗೆ ಹಂಗೇರಿಯ ಬೋಕೇ ಎಂಬ ಮಕ್ಕಳ ವೈದ್ಯರು ಒಂದು ವಿಚಾರ ಗಮನಿಸಿದರು. ದೊಡ್ಡವರಿಗೆ ಸರ್ಪಸುತ್ತು ಆದ ಮನೆಗಳಲ್ಲಿ, ಸ್ವಲ್ಪ ದಿನದಲ್ಲಿ ಮಕ್ಕಳಿಗೆ ಸೀತಾಳೆ ಸಿಡುಬು ಏಳುತ್ತಿತ್ತು. 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಎರಡು ಕಾಯಿಲೆಗೂ ವೈರಸ್ ಒಂದೇ ಎಂದು ಪ್ರಯೋಗಾಲಯದಲ್ಲಿ ತೋರಿಸಿದರು.

ಉಳಿದ ಗಂಟನ್ನು ಬಿಡಿಸಿದ್ದು ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಊರಿನ ಡಾಕ್ಟರು, ಎಡ್ಗರ್ ಹೋಪ್-ಸಿಂಪ್ಸನ್. ಅವರಿಗೆ ದೊಡ್ಡ ಆಸ್ಪತ್ರೆ ಇರಲಿಲ್ಲ. ತಮ್ಮ ಬಳಿ ಬಂದ ರೋಗಿಗಳ ದಾಖಲೆಯನ್ನು 16 ವರ್ಷ ಬಿಡದೆ ಇಟ್ಟರು. ಅದರಲ್ಲಿ 192 ಸರ್ಪಸುತ್ತಿನ ಪ್ರಕರಣಗಳಿದ್ದವು. ವಯಸ್ಸು ಏರಿದಂತೆ ಕಾಯಿಲೆಯೂ ಹೆಚ್ಚುವುದು ಆ ಲೆಕ್ಕದಲ್ಲಿ ಕಂಡಿತು. 1965ರಲ್ಲಿ ಅವರು ಬರೆದದ್ದನ್ನು ಸರಳವಾಗಿ ಹೇಳುವುದಾದರೆ ಹೀಗೆ: ಚಿಕ್ಕಂದಿನಲ್ಲಿ 'ಅಮ್ಮ' ಆಗಿ ವಾಸಿಯಾದರೂ ವೈರಸ್ ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಮೂಳೆಯ ಪಕ್ಕದ ನರದ ಗಂಟಿನಲ್ಲಿ ಹತ್ತಾರು ವರ್ಷ ಮಲಗಿರುತ್ತದೆ. ಮುಪ್ಪು, ಬೇರೆ ಕಾಯಿಲೆ ಅಥವಾ ಕೆಲವು ಔಷಧಿಗಳಿಂದ ದೇಹದ ಕಾವಲು ಸಡಿಲವಾದಾಗ ಎದ್ದು, ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ.

ಹಾವಿನ ತಲೆ ಬಾಲ ಕೂಡದಿರುವುದಕ್ಕೆ ಕಾರಣವೂ ಇದೇ. ಆ ನರ ಮೈಯ ಒಂದೇ ಬದಿಯದು, ನಡುಗೆರೆ ದಾಟುವುದಿಲ್ಲ.

ಮಂಗಳೂರಿನ ಆಲದ ಮರ

ಈಗ ಹೋಮಿಯೋಪಥಿಗೆ ಬರೋಣ. ಇದನ್ನು ಹುಟ್ಟುಹಾಕಿದ್ದು ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನಿಮನ್, 1796ರಲ್ಲಿ. ಆ ಕಾಲದ ಯುರೋಪಿನ ಡಾಕ್ಟರುಗಳು ರೋಗಿಯ ರಕ್ತ ಸುರಿಸುತ್ತಿದ್ದರು, ಪಾದರಸ ತಿನ್ನಿಸುತ್ತಿದ್ದರು. ಅಂಥ ಚಿಕಿತ್ಸೆಯ ಮುಂದೆ ಹಾನಿಮನ್ನರ ಸಿಹಿ ಗುಳಿಗೆ ಯಾರನ್ನೂ ಕೊಲ್ಲುತ್ತಿರಲಿಲ್ಲ. ಜನ ಅತ್ತ ವಾಲಿದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ನಾಡಿನಲ್ಲಿ ಅದು ಬೇರು ಬಿಟ್ಟದ್ದು ಮಂಗಳೂರಿನಲ್ಲಿ. 1878ರಲ್ಲಿ ಬಂದ ಜರ್ಮನ್ ಪಾದ್ರಿ ಆಗಸ್ಟಸ್ ಮುಲ್ಲರ್, 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರು ಮಾಡಿದರು. ಕುಷ್ಠ ರೋಗಿಗಳನ್ನು ಯಾರೂ ಹತ್ತಿರ ಸೇರಿಸದ ಕಾಲದಲ್ಲಿ ಅವರಿಗೆ ಆಶ್ರಯ ಕಟ್ಟಿದರು. ಇವತ್ತು ಅದೇ ಫಾದರ್ ಮುಲ್ಲರ್ ಸಂಸ್ಥೆಯಲ್ಲಿ ಹೋಮಿಯೋಪಥಿ ಕಾಲೇಜೂ ಇದೆ, ಅಲೋಪಥಿಯ ದೊಡ್ಡ ಆಸ್ಪತ್ರೆಯೂ ಇದೆ.

ಸರ್ಪಸುತ್ತಿಗೆ ಹೋಮಿಯೋಪಥಿಯಲ್ಲಿ ಸಾಮಾನ್ಯವಾಗಿ ಕೊಡುವ ಒಂದು ಔಷಧ 'ರಸ್ ಟಾಕ್ಸ್'. ಅದು ಅಮೆರಿಕದ ಒಂದು ಬಳ್ಳಿ, ಮುಟ್ಟಿದರೆ ನಮ್ಮ ಕೇರುಬೀಜದ ಸೊನೆಯ ಹಾಗೆ ಮೈಮೇಲೆ ಗುಳ್ಳೆ ಏಳಿಸುತ್ತದೆ. ಗುಳ್ಳೆ ಏಳಿಸುವುದೇ ಗುಳ್ಳೆಗೆ ಮದ್ದು ಅನ್ನುವುದು ಆ ಪದ್ಧತಿಯ ತತ್ವ. ಆದರೆ ಕೊಡುವ ಮೊದಲು ಅದನ್ನು ನೂರು ಪಾಲಿಗೆ ಒಂದು ಪಾಲಿನಂತೆ ಮತ್ತೆ ಮತ್ತೆ ಕರಗಿಸುತ್ತಾರೆ. ಏಳು ಸಲ ಕರಗಿಸಿದರೆ ನಮ್ಮೂರಿನಂಥ ದೊಡ್ಡ ಕೆರೆಗೆ ಒಂದು ಹನಿ ಬೆರೆಸಿದ ಲೆಕ್ಕ. ಶೀಶೆಯ ಮೇಲೆ '30' ಎಂದಿದ್ದರೆ 30 ಸಲ ಕರಗಿಸಿದ್ದಾರೆ ಎಂದರ್ಥ. ಅಷ್ಟು ಹೊತ್ತಿಗೆ ಮೂಲ ಔಷಧದ ಒಂದು ಕಣವೂ ಉಳಿದಿರುವುದಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ಸಂಶೋಧನಾ ಮಂಡಳಿ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಹೋಮಿಯೋಪಥಿ ಯಾವುದೇ ಕಾಯಿಲೆಗೆ ಕೆಲಸ ಮಾಡುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲ ಎಂದಿತು.

ಗರ್ಟ್ರೂಡ್ ಎಲಿಯನ್ ಮಾತ್ರೆ

ಅಲೋಪಥಿಯ ಕೈಯಲ್ಲೂ ಬಹಳ ಕಾಲ ಏನೂ ಇರಲಿಲ್ಲ. ಹಚ್ಚುವ ಲೋಷನ್, ನೋವಿನ ಮಾತ್ರೆ, ಅಷ್ಟೇ. 1970ರ ದಶಕದಲ್ಲಿ ಅಮೆರಿಕದ ಗರ್ಟ್ರೂಡ್ ಎಲಿಯನ್ ತಂಡ ಅಸೈಕ್ಲೋವಿರ್ ಕಂಡುಹಿಡಿಯಿತು. ವೈರಸ್ ಹೊಕ್ಕ ಜೀವಕೋಶದಲ್ಲಿ ಮಾತ್ರ ಈ ಔಷಧ ಚುರುಕಾಗಿ, ವೈರಸ್ ಮರಿ ಹಾಕದಂತೆ ತಡೆಯುತ್ತದೆ. ಪಿಎಚ್‌.ಡಿ. ಪದವಿ ಪಡೆಯದ ಈ ಹೆಣ್ಣುಮಗಳಿಗೆ 1988ರಲ್ಲಿ, ಇನ್ನಿಬ್ಬರ ಜೊತೆ, ನೊಬೆಲ್ ಬಂತು.

ಇದೂ ಪವಾಡವಲ್ಲ. ನರದಲ್ಲಿ ಮಲಗಿದ ವೈರಸನ್ನು ಅದು ಕಿತ್ತು ಹಾಕುವುದಿಲ್ಲ. ಗುಳ್ಳೆ ಬೇಗ ಒಣಗುತ್ತದೆ, ನೋವಿನ ದಿನಗಳು ಕಡಿಮೆಯಾಗುತ್ತವೆ, ಕಣ್ಣಿನ ಹತ್ತಿರ ಬಂದಿದ್ದರೆ ಕಣ್ಣಿಗಾಗುವ ಹಾನಿ ತಗ್ಗುತ್ತದೆ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಕಾಡುವ ನರದ ನೋವನ್ನು ಪೂರ್ತಿ ತಡೆಯುತ್ತದೆ ಎನ್ನಲಾಗದು. ಅದಕ್ಕೆ ಬೇರೆ ಮಾತ್ರೆಗಳಿವೆ.

ಇದರಲ್ಲಿ ಮುಖ್ಯವಾದದ್ದು ಸಮಯ. ಗುಳ್ಳೆ ಕಂಡ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಫಲ ಹೆಚ್ಚು.

ಹಾಗಾದರೆ ಲೆಕ್ಕ ಏನು?

ಸರ್ಪಸುತ್ತಿನ ಗುಳ್ಳೆ ಹೆಚ್ಚಿನವರಲ್ಲಿ ಎರಡರಿಂದ ನಾಲ್ಕು ವಾರದಲ್ಲಿ ತಾನೇ ಒಣಗುತ್ತದೆ. ಮಣ್ಣು ಹಚ್ಚಿದರೂ ಒಣಗುತ್ತದೆ, ಗುಳಿಗೆ ತಿಂದರೂ ಒಣಗುತ್ತದೆ, ಸುಮ್ಮನಿದ್ದರೂ ಒಣಗುತ್ತದೆ. ಆ ಹೊತ್ತಿಗೆ ಯಾರ ಕೈಯಲ್ಲಿ ಔಷಧವಿತ್ತೋ ಅವರಿಗೆ ಹೆಸರು. ನೆಂಟರ ಸಾಕ್ಷಿಗಳೆಲ್ಲ ನಿಜವಾಗಿದ್ದೂ ಏನನ್ನೂ ಸಾಬೀತು ಮಾಡದಿರುವುದು ಇದಕ್ಕೇ.

ಹಾಗಾಗಿ 'ವಾಸಿಯಾಯ್ತಾ' ಎಂದು ಕೇಳಿದರೆ ಸಾಲದು. ಮೊದಲ ಮೂರು ದಿನ ಎಲ್ಲಿ ಕಳೆದಿರಿ ಎಂದು ಕೇಳಬೇಕು. ಗುಳಿಗೆ ತಿಂದಿದ್ದರಿಂದ ಕೆಟ್ಟದ್ದಾಗದಿರಬಹುದು, ಗುಳಿಗೆಯನ್ನೇ ನಂಬಿ ಆ ಮೂರು ದಿನ ಕಳೆದುಕೊಂಡರೆ ಆಗಬಹುದು. ವಯಸ್ಸಾದವರಿಗೆ ಆ ನೋವು ಉಳಿದುಕೊಂಡರೆ ರಾತ್ರಿ ನಿದ್ದೆ ಇಲ್ಲ, ಹಗಲು ತೋಟದ ಕೆಲಸವೂ ಇಲ್ಲ.

ಇದೇ ಕುಟುಂಬದ ಇನ್ನೊಂದು ಹರ್ಪಿಸ್ ತುಟಿಯಲ್ಲೋ ಜನನಾಂಗದಲ್ಲೋ ಗುಳ್ಳೆಯಾಗಿ ಆಗಾಗ ಬರುತ್ತದೆ. ಎರಡೂ ಬೇರೆ ಬೇರೆ. ಚೀಟಿಯಲ್ಲಿ 'ಹರ್ಪಿಸ್' ಪದ ನೋಡಿ ಸರ್ಪಸುತ್ತಿನವರ ನಡತೆಯನ್ನು ಅನುಮಾನಿಸುವುದು ತಪ್ಪು. ತುಟಿಯ ಹರ್ಪಿಸ್‌ನ ವೈರಸ್ ಲೋಕದಲ್ಲಿ 50 ವರ್ಷದೊಳಗಿನ ಮೂರರಲ್ಲಿ ಎರಡು ಪಾಲು ಜನರಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಅಂದಾಜು ಮಾಡಿದೆ. ಆ ಕಾಯಿಲೆಯೂ ವರ್ಷ ಕಳೆದಂತೆ ಸಾಮಾನ್ಯವಾಗಿ ತಾನೇ ವಿರಳವಾಗುತ್ತದೆ. 'ಬೇರು ಸಮೇತ ತೆಗೆಯುತ್ತೇವೆ' ಎನ್ನುವವರ ವ್ಯಾಪಾರ ನಡೆಯುವುದು ಆ ವಿರಳತೆಯ ಮೇಲೆ, ಮತ್ತು ರೋಗಿಯ ನಾಚಿಕೆಯ ಮೇಲೆ. ಲೈಂಗಿಕ ರೋಗ ಗುಣಪಡಿಸುತ್ತೇವೆ ಎಂಬ ಜಾಹೀರಾತನ್ನು 1954ರ ಕಾಯಿದೆಯೇ ನಿಷೇಧಿಸಿದೆ.

ಮನೆಯಲ್ಲಿ ಯಾರಿಗಾದರೂ ಮೈಯ ಒಂದೇ ಬದಿಗೆ ಉರಿ, ಗುಳ್ಳೆ ಕಂಡರೆ ಅವತ್ತೇ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಹಣೆ, ಮೂಗು, ಕಣ್ಣಿನ ಹತ್ತಿರವಿದ್ದರೆ ಒಂದು ಗಂಟೆಯೂ ತಡ ಬೇಡ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಮರೆಯದೆ ಹೇಳಿ, ಮಾತ್ರೆಯ ಪ್ರಮಾಣ ಬದಲಾಗಬಹುದು. ಗುಳ್ಳೆ ಒಣಗುವವರೆಗೆ ಗರ್ಭಿಣಿಯರು, ಹಸುಗೂಸುಗಳು ದೂರವಿರಲಿ. 50 ದಾಟಿದವರಿಗೆ 2023ರಿಂದ ನಮ್ಮ ದೇಶದಲ್ಲೂ ಲಸಿಕೆ ಸಿಗುತ್ತಿದೆ. ಎರಡು ಚುಚ್ಚುಮದ್ದು, ಬೆಲೆ ದುಬಾರಿ, ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ.

ನಾಗರಕಟ್ಟೆಗೆ ಹಾಲೆರೆಯುವವರನ್ನು ನಾವು ಬೇಡ ಅನ್ನುವುದಿಲ್ಲ. ಮಾತ್ರೆ ಶುರು ಮಾಡಿ ಹೋಗಿ ಎನ್ನುತ್ತೇವೆ.