ಚೀತಾ ಹೋಯ್ತು, ಕಾವಲಾದ್ರೂ ಉಳೀಲಿ



ನಮ್ಮ ಕಡೆ ನಾಯಿ, ಕರು ಹೊತ್ಕೊಂಡು ಹೋಗೋದು ಚಿರತೆ. ಚೀತಾ ಬೇರೆ ಪ್ರಾಣಿ. ಸಣಕಲು ಮೈ, ಉದ್ದ ಕಾಲು, ಕಣ್ಣಿಂದ ಬಾಯಿವರೆಗೆ ಕಪ್ಪು ಗೆರೆ. ಚಿರತೆ ಬಂಡೆ, ಪೊದೆ, ಕಬ್ಬಿನ ಗದ್ದೆ ಎಲ್ಲಾದ್ರೂ ಅಡಗಿ ಬದುಕುತ್ತೆ. ಚೀತಾ ಓಡಿ ಬೇಟೆ ಹಿಡಿಯೋದು, ಅದಕ್ಕೆ ಹುಲ್ಲುಬಯಲೇ ಬೇಕು.

ಹಿಂದೆ ಇದು ದಕ್ಷಿಣದಲ್ಲಿ ತಿರುನೆಲ್ವೇಲಿವರೆಗೂ ಇತ್ತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಬೇಟೆಗೆ ಚೀತಾಗಳನ್ನ ಸಾಕಿದ್ದ. 1799ರಲ್ಲಿ ಕೋಟೆ ಬಿದ್ದಾಗ ಅವು ಇಂಗ್ಲಿಷರ ಕೈ ಸೇರಿದವು. ಆಗಿನ ಕಾಲದಲ್ಲಿ ಚೀತಾದ ಕಣ್ಣಿಗೆ ಬಟ್ಟೆ ಕಟ್ಟಿ, ಎತ್ತಿನ ಗಾಡಿ ಮೇಲೆ ಕೂರಿಸ್ಕೊಂಡು ಹೋಗೋರು. ಗಾಡಿ ಕಂಡ್ರೆ ಕೃಷ್ಣಮೃಗ ಅಷ್ಟಾಗಿ ಹೆದರಲ್ಲ. ಹತ್ತಿರ ಹೋದ್ಮೇಲೆ ಬಟ್ಟೆ ಬಿಚ್ಚಿ ಬಿಡೋರು.

ಆದ್ರೆ ಕಟ್ಟಿ ಸಾಕಿದ ಚೀತಾ ಮರಿ ಹಾಕೋದು ಬಲು ಅಪರೂಪ. ಜಹಾಂಗೀರ್ ಬಾದಶಹ ಒಂದು ಸಲ ಹಾಗಾದದ್ದನ್ನೇ ಸೋಜಿಗ ಅಂತ ಬರೆದಿಟ್ಟಿದ್ದಾನೆ. ಹಾಗಾಗಿ ಬೇಕಾದಾಗೆಲ್ಲ ಬಯಲಿಂದಲೇ ಹಿಡಿದು ತರೋರು. ಬೀಜದ ಕಾಳನ್ನೇ ತಿಂದ ಹಾಗಾಯ್ತು. ಆಮೇಲೆ ಬಂದೂಕು ಬಂತು, ಬಯಲೂ ಉಳುಮೆಗೆ ಹೋಯ್ತು. 1947ರಲ್ಲಿ ಈಗಿನ ಛತ್ತೀಸ್‌ಗಢದ ಕೊರಿಯಾ ಸಂಸ್ಥಾನದ ರಾಜ ಮೂರು ಚೀತಾ ಹೊಡೆದ. ನಮ್ಮ ದೇಶದ ಕೊನೇವು ಅವೇ ಅಂತಾರೆ. 1952ರಲ್ಲಿ ಸರ್ಕಾರ ಚೀತಾ ನಿರ್ನಾಮ ಅಂತ ಘೋಷಿಸ್ತು.

ಸಿರಿಯಾ ಮರುಭೂಮಿ ಕಾಡುಕತ್ತೆದೂ ಇದೇ ಪಾಡು. ಬಂದೂಕು, ಮೋಟಾರು ಬಂದ್ಮೇಲೆ ಕಮ್ಮಿಯಾಗ್ತಾ ಬಂದು, 1927ರಲ್ಲಿ ವಿಯೆನ್ನಾದ ಮೃಗಾಲಯದಲ್ಲಿ ಒಂದು ಸತ್ತು ಆ ಕುಲವೇ ಮುಗೀತು. ಅದರ ದಾಯಾದಿ, ಗುಜರಾತಿನ ಕಛ್ ಕಾಡುಕತ್ತೆಗೂ ಅದೇ ಗತಿ ಬರೋದಿತ್ತು. 1973ರಲ್ಲಿ ಅಲ್ಲಿನ ಬಯಲನ್ನೇ ಅಭಯಾರಣ್ಯ ಮಾಡಿದ್ರು. ಈಗ ಸಾವಿರಗಟ್ಟಲೆ ಇವೆ.

ನಮ್ಮಲ್ಲಿ ಅಂಥ ಬಯಲು ಅಂದ್ರೆ ಅಮೃತಮಹಲ್ ಕಾವಲು. ಮೈಸೂರು ಒಡೆಯರ ಬೆಣ್ಣೆ ಚಾವಡಿಯೇ ಟಿಪ್ಪು ಕಾಲದಲ್ಲಿ ಅಮೃತಮಹಲ್ ಆದದ್ದು. ಚನ್ನರಾಯಪಟ್ಟಣದ ರಾಯಸಮುದ್ರ ಕಾವಲು ನಿಮಗೆಲ್ಲ ಗೊತ್ತೇ ಇದೆ. ದಂಡಿನ ಎತ್ತುಗಳಿಗೆ ಅಂತ ಕಾದಿಟ್ಟ ಹುಲ್ಲು ಕಾಡುಪ್ರಾಣಿಗಳನ್ನೂ ಸಾಕ್ತು. ಕಡೂರಿನ ಬಾಸೂರು ಕಾವಲಲ್ಲಿ ಇವತ್ತಿಗೂ ಕೃಷ್ಣಮೃಗ ಇದೆ.

2022ರಲ್ಲಿ ನಮೀಬಿಯಾದಿಂದ 8 ಚೀತಾಗಳನ್ನ ವಿಮಾನದಲ್ಲಿ ಮಧ್ಯಪ್ರದೇಶದ ಕುನೋಗೆ ತಂದ್ರು. ಪ್ರಾಣಿನ ಹಾಗೆ ತರಬಹುದು, ಹುಲ್ಲುಬಯಲನ್ನ ಎಲ್ಲಿಂದ ತರೋದು? ಅದಕ್ಕೇ ಹೇಳ್ತಿರೋದು, ಕಾವಲು ಅಂದ್ರೆ ಸುಮ್ಮನೆ ಬೀಳುಬಿದ್ದ ಜಾಗ ಅಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ದನ, ಕುರಿಗೂ ಅದೇ ಗತಿ.

ನಿಮ್ಮೂರಲ್ಲಿ ಕಾವಲು, ಗೋಮಾಳ ಎಷ್ಟಿತ್ತು, ಈಗ ಎಷ್ಟಿದೆ? ಊರಿನ ಹಿರೀಕರನ್ನ ಕೇಳಿ ಕೆಳಗೆ ಬರೀರಿ.