ಜಲ್ಲಿ ದಾರಿಗೆ ಯಾವ ಬೈಸಿಕಲ್? ಚರಿತ್ರೆ ಹೇಳುವ ಉತ್ತರ

ಹಳ್ಳಿಯಲ್ಲಿ ಬೆಳೆದವರಿಗೆ ಈ ಅನುಭವ ಹೊಸದಲ್ಲ. ಬೈಸಿಕಲ್ ತುಳಿಯುತ್ತ ಹೊರಟಿದ್ದೀರಿ. ಡಾಂಬರು ಮುಗಿದು ಜಲ್ಲಿ ದಾರಿ ಆರಂಭವಾಗುತ್ತದೆ. ಮುಂದೆ ಒಂದು ದಿಣ್ಣೆ. ನಾಲ್ಕಾರು ತುಳಿತಗಳಲ್ಲಿ ಬೈಸಿಕಲ್ ನಿಂತೇ ಬಿಡುತ್ತದೆ, ಇಳಿದು ತಳ್ಳುತ್ತೀರಿ. ಹೈಸ್ಕೂಲಿಗೆ ಹೋಗುವಾಗ ನಾನೂ ದಿನವೂ ಹೀಗೆ ತಳ್ಳುತ್ತಿದ್ದೆ. ನನ್ನ ಕಾಲುಗಳಲ್ಲಿ ಶಕ್ತಿ ಸಾಲದು ಎಂದೇ ಬಹಳ ವರ್ಷ ನಂಬಿದ್ದೆ. ಆ ನಂಬಿಕೆ ತಪ್ಪೆಂದು ತಿಳಿದದ್ದು ಅಧ್ಯಾಪಕನಾದ ಮೇಲೆ, ಒಂದು ಸಣ್ಣ ಲೆಕ್ಕ ಮಾಡಿದಾಗ. ಆ ಲೆಕ್ಕವನ್ನು ಮುಂದೆ ನೋಡೋಣ.

ಈಗ ಅಂಗಡಿಗಳಲ್ಲಿ ರೋಡ್ ಬೈಕ್, ಗ್ರ್ಯಾವೆಲ್ ಬೈಕ್, ಮೌಂಟನ್ ಬೈಕ್ ಎಂದು ಹಲವು ಬಗೆಗಳಿವೆ. ಸ್ವಲ್ಪ ಡಾಂಬರು, ಸ್ವಲ್ಪ ಜಲ್ಲಿ, ಸ್ವಲ್ಪ ಕಾಲುದಾರಿ ಇರುವ ಮಿಶ್ರ ಹಾದಿಗೆ ಯಾವುದನ್ನು ಆರಿಸಬೇಕು ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಜಾಹೀರಾತುಗಳಿಗಿಂತ ಬೈಸಿಕಲ್ಲಿನ ಚರಿತ್ರೆಯೇ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ.

ಅಂಗಳದಲ್ಲಿ ಉರುಳಿದ ಚಕ್ರ

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆಗ ಅದನ್ನು ಬಳಸಲು ತಕ್ಕ ಬೈಸಿಕಲ್ಲೇ ಇರಲಿಲ್ಲ. ಜನ ಅದನ್ನು ಮರೆತರು. 1887ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಅದನ್ನು ತಾನಾಗಿ ಮತ್ತೆ ಕಂಡುಕೊಂಡ. ಗಟ್ಟಿ ರಬ್ಬರಿನ ಟೈರುಗಳಿದ್ದ ಅವನ ಮಗನ ತ್ರಿಚಕ್ರಿ ಕಲ್ಲುಹಾಸಿನ ಬೀದಿಗಳಲ್ಲಿ ಕುಲುಕಾಡುತ್ತಿತ್ತು. ಡನ್ಲಪ್ ಒಂದು ಮರದ ತಟ್ಟೆಯ ಸುತ್ತ ರಬ್ಬರ್ ಕೊಳವೆ ಸುತ್ತಿ ಗಾಳಿ ತುಂಬಿದ. ಅದನ್ನೂ ತ್ರಿಚಕ್ರಿಯ ಗಟ್ಟಿ ರಬ್ಬರಿನ ಚಕ್ರವನ್ನೂ ಅಂಗಳದಲ್ಲಿ ಉರುಳಿಸಿದ. ಗಟ್ಟಿ ಚಕ್ರ ನಡುವೆಯೇ ಬಿದ್ದಿತು; ಗಾಳಿಯ ಚಕ್ರ ಅಂಗಳದ ಕೊನೆಯವರೆಗೂ ಹೋಯಿತು. 1888ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. (ಥಾಮ್ಸನ್ನನ ಹಳೆಯ ಪೇಟೆಂಟ್ ಬೆಳಕಿಗೆ ಬಂದ ಮೇಲೆ ಅದು ಊರ್ಜಿತವಾಗಲಿಲ್ಲ.) 1889ರ ಮೇ ತಿಂಗಳಲ್ಲಿ ವಿಲಿ ಹ್ಯೂಮ್ ಎಂಬ ಸವಾರ ಈ ಟೈರುಗಳಿಂದ ಬೆಲ್‌ಫಾಸ್ಟಿನ ಪಂದ್ಯಗಳನ್ನು ಗೆದ್ದ. ಗಾಳಿ ಟೈರು ಹುಟ್ಟಿದ್ದು ಕೆಟ್ಟ ದಾರಿಗಾಗಿ ಎಂಬುದನ್ನು ಗಮನಿಸಿ.

ಆದರೆ ಪಂದ್ಯಗಳ ಪ್ರಭಾವದಿಂದ ಬೇರೊಂದು ನಂಬಿಕೆ ಬೆಳೆಯಿತು: ಟೈರು ಕಿರಿದಾದಷ್ಟೂ, ಗಾಳಿ ಗಟ್ಟಿಯಾದಷ್ಟೂ ವೇಗ ಹೆಚ್ಚು. ನುಣುಪಾದ ಉಕ್ಕಿನ ಉರುಳೆಯ ಮೇಲೆ ಟೈರನ್ನು ಓಡಿಸಿ ಅಳೆದರೆ, ಒತ್ತಡ ಹೆಚ್ಚಿದಂತೆ ಉರುಳು ಘರ್ಷಣೆ ಕಡಿಮೆಯಾಗುವುದು ನಿಜ. ಆದರೆ ಜಲ್ಲಿ ದಾರಿ ಉಕ್ಕಿನ ಉರುಳೆಯಲ್ಲ. ಗಟ್ಟಿ ಟೈರು ಪ್ರತಿ ಕಲ್ಲಿನ ಮೇಲೂ ಬೈಸಿಕಲ್ಲನ್ನೂ ಸವಾರನನ್ನೂ ಎತ್ತಿ ಇಳಿಸುತ್ತದೆ. ಒಟ್ಟು 90 ಕಿಗ್ರಾಂ ರಾಶಿಯನ್ನು ಸೆಕೆಂಡಿಗೆ 10 ಸಲ 2 ಮಿಮೀ ಎತ್ತಿದರೆ ಬೇಕಾಗುವ ಸಾಮರ್ಥ್ಯ ಸುಮಾರು 18 ವಾಟ್. ಇದರಲ್ಲಿ ಬಹುಪಾಲು ಸವಾರನ ಮೈಯ ಅದುರಿಕೆಯಲ್ಲಿ ಉಷ್ಣವಾಗಿ ಕಳೆದುಹೋಗುತ್ತದೆ. ನಿರಂತರವಾಗಿ 100 ವಾಟ್ ಕೊಡಬಲ್ಲ ಸಾಮಾನ್ಯ ಸವಾರನಿಗೆ ಇದು ದೊಡ್ಡ ನಷ್ಟವೇ. ಮೆತ್ತಗಿನ ಅಗಲ ಟೈರು ಕಲ್ಲನ್ನು ತನ್ನೊಳಕ್ಕೆ ಒತ್ತಿಸಿಕೊಂಡು ಮುಂದೆ ಹೋಗುತ್ತದೆ. ಹಿಡಿತವೂ ಹೆಚ್ಚು. ಹಿಂದಿನ ಚಕ್ರದ ಮೇಲೆ 490 ನ್ಯೂಟನ್ ಭಾರವಿದ್ದು ಒತ್ತಡ 600 ಕಿಲೋಪಾಸ್ಕಲ್ ಆಗಿದ್ದರೆ, ಟೈರು ನೆಲವನ್ನು ಮುಟ್ಟುವ ಭಾಗ ಸುಮಾರು 8 ಚದರ ಸೆಮೀ. ಒತ್ತಡವನ್ನು 300ಕ್ಕೆ ಇಳಿಸಿದರೆ ಅದು 16 ಚದರ ಸೆಮೀ.

ಗೇರು ಬಳಸುವುದು ಅವಮಾನವೆ?

ಫ್ರಾನ್ಸಿನ ಸೇಂತ್-ಎತಿಯೆನ್ ಗುಡ್ಡಗಳ ಊರು. ಅಲ್ಲಿ ಬೈಸಿಕಲ್ ವ್ಯಾಪಾರ ಮಾಡುತ್ತ ಪತ್ರಿಕೆಯೊಂದನ್ನೂ ನಡೆಸುತ್ತಿದ್ದ ಪಾಲ್ ದ ವಿವಿ (1853-1930) 'ವೆಲೋಸಿಯೊ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಬಗೆಬಗೆಯ ಗೇರುಗಳನ್ನು ತಾನೇ ತುಳಿದು ನೋಡಿ, ಏರಿಗೊಂದು, ಇಳಿಜಾರಿಗೊಂದು, ಸಮತಟ್ಟಿಗೊಂದು ಗೇರು ಬೇಕೆಂದು ವಾದಿಸಿದ. ಟೂರ್ ದ ಫ್ರಾನ್ಸ್ ಪಂದ್ಯವನ್ನು 1903ರಲ್ಲಿ ಆರಂಭಿಸಿದ ಆನ್ರಿ ದೆಗ್ರಾಂಜ್‌ನ ಅಭಿಪ್ರಾಯವೇ ಬೇರೆ: ಗೇರು ವಯಸ್ಸಾದವರಿಗೆ, ಪಂದ್ಯ ಗೆಲ್ಲಬೇಕಾದದ್ದು ಮಾಂಸಖಂಡ. 1910ರಲ್ಲಿ ಪಂದ್ಯ ಮೊದಲ ಬಾರಿ 2115 ಮೀ ಎತ್ತರದ ತುರ್ಮಲೆ ಕಣಿವೆಯನ್ನು ಹತ್ತಿತು. ಕಲ್ಲುಮಣ್ಣಿನ ದಾರಿ. ಆ ದಿನ ಗೆದ್ದ ಒಕ್ತಾವ್ ಲಪಿಜ್ ಕೂಡ ಅಲ್ಲಲ್ಲಿ ಇಳಿದು ತಳ್ಳಿಕೊಂಡೇ ಹೋದ! ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್ ಸಾಧನಕ್ಕೆ ಟೂರ್‌ನ ಮುಖ್ಯ ಸ್ಪರ್ಧಿಗಳಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ.

ಈಗ ನನ್ನ ಲೆಕ್ಕ. ನಮ್ಮ ಸಾಮಾನ್ಯ ಬೈಸಿಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲುಗಳಿವೆ ಎಂದುಕೊಳ್ಳಿ. ಪೆಡಲಿನ ಒಂದು ಸುತ್ತಿಗೆ ಬೈಸಿಕಲ್ ಸುಮಾರು 5.5 ಮೀ ಮುಂದೆ ಹೋಗುತ್ತದೆ. ಸವಾರ 70, ಬೈಸಿಕಲ್ 20, ಒಟ್ಟು 90 ಕಿಗ್ರಾಂ. 10 ಮೀಟರಿಗೆ 1 ಮೀ ಏರುವ ಜಲ್ಲಿ ದಿಣ್ಣೆಯಲ್ಲಿ, ಉರುಳು ಘರ್ಷಣೆಯೂ ಸೇರಿ, ಸುಮಾರು 105 ನ್ಯೂಟನ್ ಬಲ ಬೇಕು. ಅಂದರೆ ಪ್ರತಿ ಸುತ್ತಿಗೆ ಸುಮಾರು 577 ಜೂಲ್ ಕೆಲಸ. ಪೆಡಲು ಒಂದು ಸುತ್ತಿನಲ್ಲಿ ಚಲಿಸುವ ದೂರ 1.07 ಮೀ. ಆದ್ದರಿಂದ ಪೆಡಲಿನ ಮೇಲೆ ಬೀಳಬೇಕಾದ ಸರಾಸರಿ ಬಲ ಸುಮಾರು 540 ನ್ಯೂಟನ್.

70 ಕಿಗ್ರಾಂ ಸವಾರ ಎದ್ದು ನಿಂತು ಇಡೀ ಮೈಭಾರವನ್ನು ಪೆಡಲಿನ ಮೇಲೆ ಬಿಟ್ಟರೂ, ಸುತ್ತಿನುದ್ದಕ್ಕೂ ಸಿಗುವ ಸರಾಸರಿ ಬಲ ಸುಮಾರು 437 ನ್ಯೂಟನ್ ಮಾತ್ರ. ಪೆಡಲು ಅಡ್ಡವಾಗಿದ್ದಾಗ ಮಾತ್ರ ಪೂರ್ತಿ ಭಾರ ಕೆಲಸಕ್ಕೆ ಬರುತ್ತದೆ. ಮೇಲೂ ಕೆಳಗೂ ಇದ್ದಾಗ ಇಲ್ಲ. ಹ್ಯಾಂಡಲನ್ನು ಜಗ್ಗಿ ಹಿಡಿದು ಕೆಲವು ತುಳಿತ ಮುಂದೆ ಹೋಗಬಹುದು, ಅಷ್ಟೇ. ಇದು ಕಾಲಿನ ದೋಷವಲ್ಲ, ಹಲ್ಲುಗಳ ಅನುಪಾತದ್ದು. ಮುಂದೆ 30, ಹಿಂದೆ 34 ಹಲ್ಲುಗಳಿದ್ದರೆ ಒಂದು ಸುತ್ತಿಗೆ ಹೋಗುವ ದೂರ 2 ಮೀಟರಿಗೂ ಕಡಿಮೆ. ಬೇಕಾಗುವ ಬಲ ಸುಮಾರು 190 ನ್ಯೂಟನ್. ನಿಧಾನವಾಗಿಯಾದರೂ ಕುಳಿತೇ ಹತ್ತಬಹುದು. ತುಳಿತ ಸಮವಾಗುವುದರಿಂದ ಹಿಂದಿನ ಚಕ್ರ ಜಲ್ಲಿಯಲ್ಲಿ ಜಾರುವುದೂ ಕಡಿಮೆ.

ಕುದಿದ ಗ್ರೀಸು

ಮೂರನೆಯ ಪಾಠ ಬಂದದ್ದು ಇಳಿಜಾರಿನಿಂದ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಕೆಲವು ಯುವಕರು 1930-40ರ ದಶಕಗಳ ದಪ್ಪ ಟೈರಿನ ಹಳೆಯ ಬೈಸಿಕಲ್‌ಗಳನ್ನು ಗುಡ್ಡದ ದಾರಿಗಳಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಅಲ್ಲಿ 'ರಿಪ್ಯಾಕ್' ಎಂಬ ಪಂದ್ಯ ಆರಂಭವಾಯಿತು. ಸುಮಾರು 3 ಕಿಮೀ ದಾರಿಯಲ್ಲಿ 400 ಮೀ ಇಳಿತ. 90 ಕಿಗ್ರಾಂ ರಾಶಿ ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 350 ಕಿಲೋಜೂಲ್. ಕೋಣೆಯ ಉಷ್ಣತೆಯಲ್ಲಿರುವ ಒಂದು ಲೀಟರ್ ನೀರನ್ನು ಕುದಿಯುವವರೆಗೆ ಕಾಯಿಸಲು ಇಷ್ಟು ಸಾಕು! ಬ್ರೇಕು ಹಿಂದಿನ ಚಕ್ರದ ಹಬ್ಬಿನೊಳಗಿದ್ದುದರಿಂದ ಈ ಉಷ್ಣದ ಬಹುಪಾಲು ಅಲ್ಲಿಯೇ ಸೇರಿ, ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ನಂತರ ಹೊಸ ಗ್ರೀಸು ತುಂಬಬೇಕಿತ್ತು. ಪಂದ್ಯದ ಹೆಸರು ಬಂದದ್ದೂ ಹಾಗೆ. ಅವರು ಬೇರೆ ಬ್ರೇಕುಗಳನ್ನೂ ಗೇರುಗಳನ್ನೂ ಜೋಡಿಸಿದರು. 1977ರಲ್ಲಿ ಜೋ ಬ್ರೀಜ್ ಇದಕ್ಕೆಂದೇ ಹೊಸ ಚೌಕಟ್ಟು ಕಟ್ಟಿದ. 1981ರಲ್ಲಿ 'ಸ್ಟಂಪ್‌ಜಂಪರ್' ಕಾರ್ಖಾನೆಯಿಂದ ಹೊರಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕಿಗೂ ಸ್ಥಾನ ದೊರೆಯಿತು.

ಡಿಸ್ಕ್ ಬ್ರೇಕಿನ ಬಿಲ್ಲೆ ತೆಳ್ಳಗೆ ಗಾಳಿಗೆ ತೆರೆದುಕೊಂಡಿರುವುದೇಕೆ ಎಂಬುದು ಈಗ ನಿಮಗೆ ಹೊಳೆದಿರಬೇಕು.

ಹಾಗಾದರೆ ಆಯ್ಕೆ ಹೇಗೆ?

2006ರಲ್ಲಿ ಅಮೆರಿಕದ ಕಾನ್ಸಾಸ್‌ನ ಎಂಪೋರಿಯಾದಲ್ಲಿ ಸುಮಾರು 320 ಕಿಮೀ ಜಲ್ಲಿ ಪಂದ್ಯವೊಂದು ಆರಂಭವಾಯಿತು. 2022ರಲ್ಲಿ ಇಟಲಿಯಲ್ಲಿ ಜಲ್ಲಿ ಸವಾರಿಯ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಗ್ರ್ಯಾವೆಲ್ ಬೈಕ್ ಹೊಸ ಮಾತೆನಿಸಿದರೂ ಅದರ ಹಿಂದಿರುವುದು ಹಳೆಯ ಪಾಠಗಳೇ.

ಆರಿಸುವ ಮೊದಲು ನಿಮ್ಮ ದಾರಿಯನ್ನು ಅಳೆಯಿರಿ. ಹೆಚ್ಚು ಡಾಂಬರು ಮತ್ತು ಗಟ್ಟಿ ಜಲ್ಲಿಯಾದರೆ 40 ಮಿಮೀ ಆಸುಪಾಸಿನ ಟೈರು ಸಾಕು. ಬೇರು, ಬಂಡೆಗಳ ಕಾಲುದಾರಿಯೇ ಹೆಚ್ಚಾದರೆ 55 ಮಿಮೀ ಟೈರು ಮತ್ತು ಮುಂದೆ ಸ್ಪ್ರಿಂಗ್ ಅಥವಾ ಗಾಳಿಯ ಫೋರ್ಕ್ ಇರುವ ಮೌಂಟನ್ ಬೈಕ್ ಒಳ್ಳೆಯದು. ಒಟ್ಟು ಎಷ್ಟು ಗೇರುಗಳಿವೆ ಎಂದು ಎಣಿಸುತ್ತ ಕೂರಬೇಡಿ. ಅತಿ ಕೆಳಗಿನ ಗೇರಿನಲ್ಲಿ ಮುಂದಿನ ಹಲ್ಲುಗಳು ಹಿಂದಿನವಕ್ಕಿಂತ ಕಡಿಮೆ ಇವೆಯೇ ನೋಡಿ. ದೀರ್ಘ ಇಳಿಜಾರಿದ್ದರೆ ಡಿಸ್ಕ್ ಬ್ರೇಕ್ ಇರಲಿ. ಹೆಲ್ಮೆಟ್, ಪಂಪು, ಪಂಕ್ಚರ್ ಸಾಮಗ್ರಿ ಜೊತೆಗಿರಲಿ.

ಇನ್ನೊಂದು ಸ್ವಾರಸ್ಯ. ನಮ್ಮ ಹಾಲು ಮಾರುವವರ ಕಪ್ಪು ಬೈಸಿಕಲ್ಲಿನ ಟೈರಿನ ಮೇಲೆ 28×1½ ಎಂದಿರುತ್ತದೆ. ಅಗಲ ಸುಮಾರು 40 ಮಿಮೀ. ಇಂದಿನ ಗ್ರ್ಯಾವೆಲ್ ಬೈಕಿನದೂ ಹೆಚ್ಚುಕಡಿಮೆ ಅಷ್ಟೇ! ಟೈರಿನ ಪಾಠ ನಮ್ಮ ಹಳ್ಳಿಗಳಲ್ಲಿ ಮರೆತುಹೋಗಲೇ ಇಲ್ಲ. ಬರದೇ ಉಳಿದದ್ದು ಗೇರು.

ಅಧ್ಯಾಪಕರು ಡನ್ಲಪ್‌ನ ಪ್ರಯೋಗವನ್ನು ಶಾಲೆಯಲ್ಲೇ ಮಾಡಿಸಬಹುದು. ಒಂದು ಸಣ್ಣ ಇಳಿಜಾರಿನಿಂದ ಬೈಸಿಕಲ್ಲನ್ನು ತುಳಿಯದೆ ಇಳಿಯಬಿಟ್ಟು, ಎಲ್ಲಿ ನಿಲ್ಲುತ್ತದೆಂದು ಗುರುತಿಸಿ. ಅದೇ ಸವಾರ, ಅದೇ ಜಾಗ, ಐದು ಸಲ, ಸರಾಸರಿ ತೆಗೆಯಿರಿ. ಟೈರಿನ ಮೇಲೆ ಮುದ್ರಿಸಿದ ಮಿತಿಯೊಳಗೆ ಒತ್ತಡ ಬದಲಿಸಿ ಸಿಮೆಂಟಿನ ನೆಲದಲ್ಲೂ ಜಲ್ಲಿಯಲ್ಲೂ ಅಳೆಯಿರಿ. ಎರಡೂ ಕಡೆ ಒಂದೇ ಉತ್ತರ ಬರುತ್ತದೆಯೇ? ಮಕ್ಕಳು ಮೊದಲು ಊಹಿಸಿ ಬರೆಯಲಿ, ಆಮೇಲೆ ಅಳೆಯಲಿ.

ಹಾಗೆಯೇ ದಿಣ್ಣೆಯಲ್ಲಿ ಬೈಸಿಕಲ್ ತಳ್ಳಿಕೊಂಡು ತಡವಾಗಿ ತರಗತಿಗೆ ಬರುವ ಹುಡುಗನೋ ಹುಡುಗಿಯೋ ಇದ್ದರೆ, ಗದರುವ ಮುನ್ನ 437 ಮತ್ತು 540 ಎಂಬ ಎರಡು ಸಂಖ್ಯೆಗಳನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿ.