ವಟ್ಟದ ಲೆಕ್ಕ: ಕೂಂಡಿನಾಡಿನ ಗದ್ಯಾಣದಿಂದ ಎಟಿಎಂ ಪರದೆಯವರೆಗೆ

ಕಾಗವಾಡ ತಾಲ್ಲೂಕಿನ ಜುಗೂಳ ಕೃಷ್ಣೆಯ ದಡದ ಗಡಿಗ್ರಾಮ. ಹೊಳೆಯ ಆಚೆ ಮಹಾರಾಷ್ಟ್ರದ ಖಿದ್ರಾಪುರ. ಅಲ್ಲಿಯ ಕೊಪ್ಪೇಶ್ವರ ದೇವಾಲಯದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಶಕ 1135ರ, ಎಂದರೆ ಕ್ರಿ.ಶ. 1213ರ ಶಾಸನವಿದೆ. ಇಂದು ಹೊಳೆ ದಾಟಿದವನು ನುಡಿ ಬದಲಿಸಬೇಕಾದೀತು, ನಾಣ್ಯ ಬದಲಿಸಬೇಕಾಗಿಲ್ಲ. ಎರಡೂ ದಡದಲ್ಲಿ ನಡೆಯುವುದು ಒಂದೇ ರೂಪಾಯಿ. ಆದರೆ ಈ ಸೌಕರ್ಯ ಇತ್ತೀಚಿನದು. ಎರಡು ಶತಮಾನಗಳ ಹಿಂದೆ ಈ ಸೀಮೆಯಲ್ಲಿ ಸಂತೆಗೆ ಹೋದವನು ಸರಕಿನ ಬೆಲೆಯ ಜೊತೆಗೆ ತನ್ನ ಕೈಯಲ್ಲಿದ್ದ ನಾಣ್ಯದ ಬೆಲೆಯನ್ನೂ ಕೇಳಿ ತಿಳಿಯಬೇಕಾಗಿತ್ತು.

ಒಂದು ನಾಣ್ಯವನ್ನು ಮತ್ತೊಂದಕ್ಕೆ ಬದಲಿಸುವಾಗ ಕಳೆಯುವ ಕಸರಿಗೆ ವಟ್ಟ, ಬಟ್ಟಾ, ವಟಾವ ಎಂಬ ಹೆಸರುಗಳಿವೆ. ಅದನ್ನು ನಿರ್ಣಯಿಸುತ್ತಿದ್ದವನು ಚಿನಿವಾರ. ಮುಂದೆ ಪಾರಸಿಯ ಪ್ರಭಾವದಿಂದ ಅವನೇ ಸರಾಫನೆನಿಸಿದ. ಇಂದು ಸಾಂಗ್ಲಿಯಲ್ಲೋ ಬೆಳಗಾವಿಯಲ್ಲೋ ಓದಿ, ಜರ್ಮನಿಯಲ್ಲೋ ದುಬೈಯಲ್ಲೋ ದುಡಿಯುವ ಈ ಸೀಮೆಯ ಯುವಕನೊಬ್ಬ ಅಲ್ಲಿಯ ಎಟಿಎಂಗೆ ತನ್ನ ಭಾರತೀಯ ಕಾರ್ಡನ್ನು ಹಾಕಿದಾಗ ಭೇಟಿಯಾಗುವುದು ಇದೇ ಚಿನಿವಾರನನ್ನು. ವ್ಯತ್ಯಾಸವೆಂದರೆ ಹಳೆಯ ಚಿನಿವಾರನ ಕೈಯಲ್ಲಿ ಒರೆಗಲ್ಲು, ತಕ್ಕಡಿಗಳು ಕಾಣುತ್ತಿದ್ದವು. ಹೊಸಬನ ತಕ್ಕಡಿ ಪರದೆಯ ಹಿಂದಿದೆ. ವಟ್ಟ ಯಾವಾಗ ನ್ಯಾಯವಾದ ಕೂಲಿ, ಯಾವಾಗ ಸುಲಿಗೆ ಎಂಬ ಪ್ರಶ್ನೆಗೆ ಈ ನೆಲದ ಇತಿಹಾಸದಲ್ಲಿಯೇ ಉತ್ತರವಿದೆ.

ಕಲ್ಯಾಣ ಚಾಲುಕ್ಯರ ಕಾಲಕ್ಕೆ ಜುಗೂಳದ ಸುತ್ತಲಿನ ಪ್ರದೇಶ ಕೂಂಡಿ ಮೂರುಸಾವಿರ ಮತ್ತು ಮಿರಿಂಜೆ ಮೂರುಸಾವಿರ ನಾಡುಗಳು ಸಂಧಿಸುವ ಎಡೆ. ಸವದತ್ತಿಯ ರಟ್ಟರು ಒಂದೆಡೆ, ಕೊಲ್ಲಾಪುರದ ಶಿಲಾಹಾರರು ಇನ್ನೊಂದೆಡೆ. ಇವೆರಡರ ಮಧ್ಯೆ ವೀರಬಣಂಜು ವರ್ತಕರು ಊರಿಂದೂರಿಗೆ ಸರಕು ಸಾಗಿಸುತ್ತಿದ್ದರು. ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕ ಎಲ್ಲೆಡೆ ನಡೆಯುತ್ತಿತ್ತಾದರೂ ಗದ್ಯಾಣವೆಲ್ಲ ಒಂದೇ ಆಗಿರಲಿಲ್ಲ. ಆದ್ದರಿಂದಲೇ ಶಾಸನಗಳು ದಾನವನ್ನು ದಾಖಲಿಸುವಾಗ ಲೊಕ್ಕಿಗದ್ಯಾಣ, ಪೊಂಗದ್ಯಾಣ, ಕಾಟಿಗದ್ಯಾಣ ಎಂದು ನಾಣ್ಯದ ಜಾತಿಯನ್ನು ಬಿಡಿಸಿ ಹೇಳುತ್ತವೆ. ಲೊಕ್ಕಿಗದ್ಯಾಣವೆಂದರೆ ಲೊಕ್ಕಿಗುಂಡಿಯ, ಇಂದಿನ ಲಕ್ಕುಂಡಿಯ, ಟಂಕಸಾಲೆಯ ಗದ್ಯಾಣ. ಈ ವಿಶೇಷಣವನ್ನು ಬರಿಯ ಅಲಂಕಾರವೆಂದು ಭಾವಿಸಲಾಗದು. ‘ಹತ್ತು ಗದ್ಯಾಣ’ ಎಂದಷ್ಟೇ ಕೆತ್ತಿಸಿದ್ದರೆ ಮುಂದೊಂದು ದಿನ ಹಗುರವಾದ ಹತ್ತು ನಾಣ್ಯಗಳನ್ನಿತ್ತು ದಾನ ಸಂದಿತೆನ್ನಲು ಅವಕಾಶವಿತ್ತು. ಕಲ್ಲಿನಲ್ಲಿ ನಾಣ್ಯದ ಹೆಸರನ್ನು ಬರೆಸಿದವರು ಬಸದಿ, ದೇಗುಲಗಳ ಪಾಲನ್ನು ವಟ್ಟದಿಂದ ಕಾಪಾಡಿದರು.

ಕಲ್ಲಿನಲ್ಲಿ ಬರೆಯಲಾಗದ್ದನ್ನು ಕಾಪಾಡಿದ್ದು ಗಣಿತ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದ ಮಿಶ್ರಕ ವ್ಯವಹಾರದಲ್ಲಿ ಚಿನ್ನದ ಬಣ್ಣದ ಲೆಕ್ಕಗಳೇ ಒಂದು ಭಾಗವಾಗಿವೆ. ಬಣ್ಣವೆಂದರೆ ಇಲ್ಲಿ ಶುದ್ಧತೆಯ ಅಳತೆ. ಬೇರೆ ಬೇರೆ ಬಣ್ಣದ ಚಿನ್ನಗಳನ್ನು ಕರಗಿಸಿ ಕೂಡಿಸಿದರೆ ಒಟ್ಟು ಗಟ್ಟಿಯ ಬಣ್ಣವೆಷ್ಟು? ಪ್ರತಿಯೊಂದರ ತೂಕವನ್ನು ಅದರ ಬಣ್ಣದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು. ಎರಡು ತೂಕದ ಹತ್ತು ಬಣ್ಣದ ಚಿನ್ನಕ್ಕೆ ಎರಡು ತೂಕದ ಹದಿನಾಲ್ಕು ಬಣ್ಣದ ಚಿನ್ನ ಬೆರೆತರೆ ಹನ್ನೆರಡು ಬಣ್ಣದ ನಾಲ್ಕು ತೂಕವಾಗುತ್ತದೆ. ಇದನ್ನು ಬಲ್ಲವನನ್ನು ಚಿನಿವಾರನು ಮೋಸಗೊಳಿಸುವುದು ಕಷ್ಟ.

ಆದರೆ ಮಹಾವೀರಾಚಾರ್ಯರ ಗ್ರಂಥ ಸಂಸ್ಕೃತದಲ್ಲಿತ್ತು. ಅಂಗಡಿಯಲ್ಲಿ ಕೂಡುವವನಿಗೂ ಹೊಲದಲ್ಲಿ ದುಡಿಯುವವನಿಗೂ ಎಟುಕುವ ನುಡಿಯಲ್ಲಿ ಗಣಿತವನ್ನು ಬರೆದ ಕೀರ್ತಿ ಹನ್ನೆರಡನೆಯ ಶತಮಾನದ ರಾಜಾದಿತ್ಯನದು. ಕನ್ನಡದಲ್ಲಿ ಗಣಿತಶಾಸ್ತ್ರವನ್ನು ರಚಿಸಿದವರಲ್ಲಿ ಮೊದಲಿಗನೆಂದು ಪ್ರಸಿದ್ಧನಾದ ಈ ಜೈನಕವಿ ಕೂಂಡಿಮಂಡಲದ ಪೂವಿನಬಾಗೆಯವನು. ಅದನ್ನು ವಿದ್ವಾಂಸರು ಇಂದಿನ ರಾಯಬಾಗವೆಂದು ಗುರುತಿಸಿದ್ದಾರೆ. ಶುಭಚಂದ್ರದೇವರು ಅವನ ಗುರುಗಳು. ಅವನ ‘ವ್ಯವಹಾರಗಣಿತ’ ತ್ರೈರಾಶಿ, ಪಂಚರಾಶಿ, ಬಡ್ಡಿ ಮೊದಲಾದ ದಿನಬಳಕೆಯ ಲೆಕ್ಕಗಳನ್ನು ಸೂತ್ರ, ವಿವರಣೆ, ಉದಾಹರಣೆಗಳೊಡನೆ ಕಲಿಸುತ್ತದೆ. ನಾಣ್ಯ ವಿನಿಮಯದ ಬೇರು ತ್ರೈರಾಶಿಯಲ್ಲಿದೆ: ಇಷ್ಟಕ್ಕೆ ಇಷ್ಟಾದರೆ, ಅಷ್ಟಕ್ಕೆ ಎಷ್ಟು? ಜುಗೂಳದಿಂದ ಬಹುದೂರವಲ್ಲದ ಊರೊಂದರ ಕವಿ ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಕಲಿಸಿದುದು ಸಾಹಿತ್ಯಚರಿತ್ರೆಗೆ ಸೇರಿದಷ್ಟೇ ನ್ಯಾಯದ ಚರಿತ್ರೆಗೂ ಸೇರಿದ ಸಂಗತಿ.

ಇದರ ಉತ್ತರ ಭಾರತದ ಜೋಡಿ ಠಕ್ಕುರ ಫೇರೂ. ಶ್ರೀಮಾಲ ಕುಲದ ಈ ಜೈನ ಶ್ರಾವಕ ದೆಹಲಿಯ ಖಿಲ್ಜಿ ಸುಲ್ತಾನರ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ. 1296ರಲ್ಲಿ ಅಲಾವುದ್ದೀನನು ದೇವಗಿರಿಯನ್ನು ಸೂರೆಗೊಂಡ ಮೇಲೆ ದಖ್ಖನಿನ ಹೊನ್ನು ರಾಶಿರಾಶಿಯಾಗಿ ದೆಹಲಿಗೆ ಹರಿಯಿತು. ನಾನಾ ರಾಜ್ಯಗಳ ನಾಣ್ಯಗಳು ಫೇರೂವಿನ ಕೈಗೆ ಬಂದವು. 1318ರಲ್ಲಿ ಅವನು ರಚಿಸಿದ ‘ದ್ರವ್ಯಪರೀಕ್ಷಾ’ ಇನ್ನೂರಕ್ಕೂ ಹೆಚ್ಚು ಬಗೆಯ ನಾಣ್ಯಗಳ ತೂಕ, ಲೋಹಾಂಶ, ವಿನಿಮಯ ಬೆಲೆಗಳನ್ನು ಪಟ್ಟಿ ಮಾಡುತ್ತದೆ. ದೇವಗಿರಿಯ ನಾಣ್ಯಗಳೂ ಅದರಲ್ಲಿವೆ. ಟಂಕಸಾಲೆಯ ಒಳಗಿನವನೊಬ್ಬ ಒಳಗಿನ ಅಳತೆಯನ್ನೇ ಬರಹಕ್ಕಿಳಿಸಿದ್ದು ವಿರಳವಾದ ಘಟನೆ. ಚಿನಿವಾರನ ಲಾಭವು ಬಹುಮಟ್ಟಿಗೆ ಗ್ರಾಹಕನ ಅಜ್ಞಾನದಲ್ಲಿರುತ್ತದೆ. ಫೇರೂ ಆ ಅಜ್ಞಾನಕ್ಕೆ ಮದ್ದನ್ನಿತ್ತ.

ಇದೇ ಸಮಾಜದ ಇನ್ನೊಂದು ಮುಖವನ್ನೂ ಮರೆಮಾಚಬೇಕಾಗಿಲ್ಲ. ಹದಿನೆಂಟನೆಯ ಶತಮಾನದ ಬಂಗಾಳದಲ್ಲಿ ಮುರ್ಷಿದಾಬಾದಿನ ಟಂಕಸಾಲೆಯ ಮೇಲೆ ಹಿಡಿತವಿದ್ದುದು ಓಸವಾಲ ಜೈನ ಮನೆತನದ ಜಗತ್‌ಸೇಠರಿಗೆ. ಅಲ್ಲಿಯ ಸಿಕ್ಕಾ ರೂಪಾಯಿಯ ಮೇಲೆ ಬಾದಶಹನ ಆಳ್ವಿಕೆಯ ವರ್ಷ ಅಚ್ಚಾಗಿರುತ್ತಿತ್ತು. ವರ್ಷ ಕಳೆದಂತೆ ಅದೇ ನಾಣ್ಯಕ್ಕೆ ವಟ್ಟ ಬೀಳುತ್ತಿತ್ತು. ಬೆಳ್ಳಿ ಅಷ್ಟೇ ಇದ್ದರೂ ಬೆಲೆ ಇಳಿಯುತ್ತಿತ್ತು. ಸಂತೆಯಲ್ಲಿ ಹಳೆಯ ನಾಣ್ಯ ಪಡೆದ ರೈತ ಕಂದಾಯಕ್ಕೆ ಹೊಸ ನಾಣ್ಯ ತರಬೇಕಾದಾಗ ಆ ಅಂತರ ಸರಾಫನ ಪೆಟ್ಟಿಗೆಗೆ ಸೇರುತ್ತಿತ್ತು. ಮುಂದೆ ಈಸ್ಟ್ ಇಂಡಿಯಾ ಕಂಪನಿ ಷಾ ಆಲಮನ 19ನೆಯ ಆಳ್ವಿಕೆಯ ವರ್ಷವನ್ನೇ ಪ್ರತಿ ವರ್ಷದ ನಾಣ್ಯಕ್ಕೂ ಅಚ್ಚು ಹಾಕಿಸಿತು. ಕಾಲವನ್ನೇ ನಿಲ್ಲಿಸಿ ವಟ್ಟದ ನೆಪವನ್ನು ತೆಗೆದ ಉಪಾಯವದು.

ಕೃಷ್ಣಾತೀರದ ಸ್ಥಿತಿ ಇದಕ್ಕಿಂತ ತೊಡಕಿನದು. ಕೊಲ್ಲಾಪುರ, ಮಿರಜ, ಸಾಂಗ್ಲಿ, ಕುರುಂದವಾಡ ಸಂಸ್ಥಾನಗಳ ಎಲ್ಲೆಗಳು ಇಲ್ಲಿ ಹೆಣೆದುಕೊಂಡಿದ್ದವು. ಚಿಕ್ಕೋಡಿ ಸೀಮೆಯಂತೂ ಹಲವು ಬಾರಿ ಕೈ ಬದಲಿಸಿತು. ಬಾಗಲಕೋಟೆ, ಶಹಾಪುರ ಮೊದಲಾದ ಕಡೆಗಳಲ್ಲಿ ಅಚ್ಚಾದ ರೂಪಾಯಿಗಳು ಊರ ಹೆಸರಿನಿಂದಲೇ ಕರೆಯಿಸಿಕೊಂಡು ಅಕ್ಕಪಕ್ಕದಲ್ಲಿ ನಡೆಯುತ್ತಿದ್ದವು. 1835ರ ನಾಣ್ಯ ಕಾಯಿದೆ 180 ಗ್ರೇನ್ ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿರುವ ಒಂದೇ ರೂಪಾಯಿಯನ್ನು ಕಂಪನಿಯ ಸೀಮೆಗೆಲ್ಲ ವಿಧಿಸಿತು. ಹಾಗಿದ್ದರೂ ಸಂಸ್ಥಾನಗಳ ನಾಣ್ಯ ಒಮ್ಮೆಲೇ ಅಳಿಯಲಿಲ್ಲ. ಕಲಬುರಗಿ, ಬೀದರ, ರಾಯಚೂರುಗಳಲ್ಲಿ ನಿಜಾಮರ ಹಾಲಿ ಸಿಕ್ಕಾ 1950ರ ದಶಕದವರೆಗೂ ಉಳಿದಿತ್ತು. ಭಾರತ ಒಕ್ಕೂಟಕ್ಕೆ ಸೇರಿದ ಮೇಲೆ ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬ ದರ ನಿಗದಿಯಾಯಿತು. ದರ ಎಲ್ಲರಿಗೂ ತಿಳಿದಿದ್ದುದರಿಂದ ಅಕ್ಷರ ಬಾರದವನೂ ಲೆಕ್ಕ ಕೇಳಬಹುದಾಗಿತ್ತು.

ಈ ಹಿನ್ನೆಲೆಯಲ್ಲಿ ಇಂದಿನ ಎಟಿಎಂ ಪರದೆಯನ್ನು ನೋಡಬೇಕು. ವಿದೇಶದ ಯಂತ್ರದಲ್ಲಿ 200 ಯೂರೋ ಬೇಡಿದಾಗ ಅದು ಒಂದು ಪ್ರಶ್ನೆ ಕೇಳುತ್ತದೆ: ಲೆಕ್ಕವನ್ನು ನಿಮ್ಮ ರೂಪಾಯಿಯಲ್ಲೇ ಮಾಡಲೇ, ಇಲ್ಲಿಯ ನಾಣ್ಯದಲ್ಲೇ ಬಿಡಲೇ? ಇದಕ್ಕೆ ‘ಡೈನಮಿಕ್ ಕರೆನ್ಸಿ ಕನ್ವರ್ಷನ್’ ಎಂದು ಹೆಸರು. ರೂಪಾಯಿ ಪರಿಚಿತ, ಆದ್ದರಿಂದ ಸುರಕ್ಷಿತವೆಂದು ಮನಸ್ಸು ಅತ್ತ ವಾಲುತ್ತದೆ. ಯೂರೋವಿನ ಪೇಟೆ ದರ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಯಂತ್ರದ ಒಡೆಯನು 108ರ ದರ ಹಾಕಿದರೆ ಖಾತೆಯಿಂದ ಹೋಗುವುದು 21,600 ರೂಪಾಯಿ. ಯೂರೋದಲ್ಲೇ ಬಿಟ್ಟರೆ ಕಾರ್ಡ್ ಜಾಲದ ದರ ಸಾಮಾನ್ಯವಾಗಿ ಪೇಟೆ ದರಕ್ಕೆ ಸಮೀಪವಿರುತ್ತದೆ. ಅದರ ಮೇಲೆ ತನ್ನ ಬ್ಯಾಂಕು ಶೇ. 3.5 ಪಡೆದರೂ 700 ರೂಪಾಯಿ, ಆ ಶುಲ್ಕದ ಮೇಲೆ ಶೇ. 18 ತೆರಿಗೆ 126 ರೂಪಾಯಿ, ಒಟ್ಟು 20,826. ಒಂದು ಗುಂಡಿ ಒತ್ತಿದ್ದಕ್ಕೆ ತೆತ್ತ ವಟ್ಟ 774 ರೂಪಾಯಿ. ಕೆಲವು ಭಾರತೀಯ ಬ್ಯಾಂಕುಗಳು ವಿದೇಶದಲ್ಲಿ ರೂಪಾಯಿಯಲ್ಲೇ ನಡೆದ ಇಂಥ ವಹಿವಾಟಿನ ಮೇಲೂ ಪ್ರತ್ಯೇಕ ಶುಲ್ಕ ಹಾಕುವುದುಂಟು. ಆಗ ವಟ್ಟ ಎರಡು ಬಾರಿ ಬೀಳುತ್ತದೆ. ಪರಿವರ್ತನೆ ಬೇಡವೆಂದರೆ ಹಣವೇ ಬಾರದೆಂಬ ಅಂಜಿಕೆಗೂ ಕಾರಣವಿಲ್ಲ. ನಿರಾಕರಿಸಿದ್ದು ಯಂತ್ರದ ದರವನ್ನು ಮಾತ್ರ, ಹಣ ಸ್ಥಳೀಯ ನಾಣ್ಯದ ಲೆಕ್ಕದಲ್ಲಿ ಬರುತ್ತದೆ.

ಯಂತ್ರ ಇಡುವವನಿಗೆ ಖರ್ಚಿದೆ, ಅವನಿಗೆ ಕೂಲಿ ಸಲ್ಲಬೇಕು. ಆದರೆ ಶುಲ್ಕವನ್ನು ಶುಲ್ಕವೆಂದು ಹೇಳುವುದಕ್ಕೂ ಅದನ್ನು ದರದೊಳಗೆ ಅಡಗಿಸುವುದಕ್ಕೂ ಅಂತರವಿದೆ. ಉಮಾಸ್ವಾತಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಹೀನಾಧಿಕಮಾನೋನ್ಮಾನವನ್ನು, ಎಂದರೆ ಕೊಡುವಾಗೊಂದು ಕೊಳ್ಳುವಾಗೊಂದು ಅಳತೆ ಬಳಸುವುದನ್ನು, ಎಣಿಸಿದ್ದಾರೆ. ಕನ್ನ ಹಾಕದಿದ್ದರೂ ಅಳತೆ ಬಾಗಿದರೆ ಅದು ಕಳವಿನ ನೆರಳೇ ಎಂಬುದು ಅಲ್ಲಿಯ ಆಶಯ. ಗಿರಾಕಿಗೆ ಒಂದು ದರ ಕಾಣಿಸಿ ತಾನು ಇನ್ನೊಂದು ದರದಲ್ಲಿ ನಡೆಯುವ ಯಂತ್ರಕ್ಕೆ ಈ ಮಾತು ಸಲೀಸಾಗಿ ಅನ್ವಯಿಸುತ್ತದೆ.

ಐರೋಪ್ಯ ಒಕ್ಕೂಟ 2019ರಲ್ಲಿ ರೂಪಿಸಿ 2020ರ ಏಪ್ರಿಲ್ 19ರಿಂದ ಜಾರಿಗೆ ತಂದ ನಿಯಮ ಇಂಥ ವಟ್ಟವನ್ನು ನಿಷೇಧಿಸಲಿಲ್ಲ. ಒಕ್ಕೂಟದ ನಾಣ್ಯಗಳ ನಡುವಣ ಪರಿವರ್ತನೆಯಲ್ಲಿ ಐರೋಪ್ಯ ಕೇಂದ್ರ ಬ್ಯಾಂಕಿನ ದರಕ್ಕಿಂತ ತಾನೆಷ್ಟು ಪ್ರತಿಶತ ಹೆಚ್ಚು ಪಡೆಯುವೆನೆಂದು ಯಂತ್ರ ಮೊದಲೇ ತೋರಿಸಬೇಕೆಂದು ಮಾತ್ರ ವಿಧಿಸಿತು. ಶಾಸನದಲ್ಲಿ ಗದ್ಯಾಣದ ಜಾತಿ ಬರೆಸಿದವರೂ, ನಾಣ್ಯದ ಒಡಲನ್ನು ಪಟ್ಟಿ ಮಾಡಿದ ಫೇರೂವೂ ಮಾಡಿದ್ದು ಇದನ್ನೇ. ವಟ್ಟದ ಅನ್ಯಾಯ ಕುಗ್ಗಿದ್ದು ಚಿನಿವಾರರು ಒಳ್ಳೆಯವರಾದ್ದರಿಂದ ಅಲ್ಲ, ಅಳತೆ ಬಯಲಿಗೆ ಬಂದದ್ದರಿಂದ. ಅಳತೆ ಬಯಲಾಗದ ಕಡೆ ಉಳಿಯುವ ಆಸರೆ ಪೂವಿನಬಾಗೆಯ ರಾಜಾದಿತ್ಯ ಕಲಿಸಿದ ತ್ರೈರಾಶಿ. ಪರದೆಯ ಮುಂದೆ ನಿಂತವನು ಗುಂಡಿ ಒತ್ತುವ ಮುನ್ನ ಒಮ್ಮೆ ಕೇಳಿಕೊಂಡರೆ ಸಾಕು: ಒಂದಕ್ಕೆ ಇಷ್ಟಾದರೆ, ಇನ್ನೂರಕ್ಕೆ ಎಷ್ಟು?